ಬೇಲಿ ನುಗ್ಗುವ ಟೀಚರ್

ನಮ್ಮ ಡ್ರಾಯಿಂಗ್ ಟೀಚರ್ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದರು. ಒಂದು ಕಾಲು ಚಪ್ಪಲಿಯೊಳಗೆ, ಇನ್ನೊಂದು ಹೊರಗೆ. ಹೊರಗಿದ್ದ ಕಾಲಿನ ಹೆಬ್ಬೆರಳು ನೆಲದ ಮೇಲೆ ಏನನ್ನೋ ಗೀಚುತ್ತಲೇ ಇರುತ್ತಿತ್ತು. ಹೊನ್ನಾಳಿಯ ಶಾಲೆಯಲ್ಲಿ ಅವರು ಪೂರ್ತಿ ಕೂತದ್ದನ್ನು ನಾನು ಕಂಡಿಲ್ಲ. ನಾವು ಗೆರೆ ಎಳೆಯಲು ಅಂಜಿದರೆ, "ರಬ್ಬರ್ ಆಮೇಲೆ ಐತೆ, ಮೊದ್ಲು ಎಳೀರಿ" ಎಂದು ಗದರುತ್ತಿದ್ದರು. ಆ ಗದರಿಕೆಯಿಂದಲೇ ನಾನೂ ಚಿತ್ರಕಲೆಯ ಟೀಚರ್ ಆದೆ.

ಅವರ ತವರು ಜಗಳೂರಿನ ಕಡೆಯ ಸೊಕ್ಕೆ. ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುವುದು ವಾಡಿಕೆ. ತಾಯಿಯನ್ನೂ ಹಾಗೇ ಮಣ್ಣು ಮಾಡಿದ್ದರು. ಆಮೇಲೆ ಅಣ್ಣ ಆ ಹೊಲ ಮಾರಿದರು. ಅಣ್ಣನ ಮಾತು ಮೀರಲಾರದೆ ಟೀಚರೂ ಸಹಿ ಹಾಕಿದರು. ಕೊಂಡವರು ಸುತ್ತ ಮುಳ್ಳುತಂತಿ ಎಳೆದು ದಾಳಿಂಬೆ ಹಾಕಿದರು. ತಾಯಿಯ ಸಮಾಧಿ ಗಿಡಗಳ ನಡುವೆ ಉಳಿಯಿತು. ಅಂದಿನಿಂದ ಪ್ರತಿ ಹಿರಿಯರ ಹಬ್ಬಕ್ಕೆ ಟೀಚರ್ ಡಬ್ಬಿಯಲ್ಲಿ ಎಡೆ ಕಟ್ಟಿಕೊಂಡು, ಬಸ್ಸು ಬದಲಿಸುತ್ತ ಅಲ್ಲಿಗೆ ಹೋಗಿ, ಕಳ್ಳರ ಹಾಗೆ ತಂತಿಯ ಕೆಳಗೆ ನುಸುಳುತ್ತಿದ್ದರು.

ನಿವೃತ್ತಿಯಾದ ಮೇಲೆ ಹಳೇ ವಿದ್ಯಾರ್ಥಿಗಳಾದ ನಮ್ಮನ್ನೆಲ್ಲ ಸೇರಿಸಿ ಒಂದು ಚಿತ್ರ ಪ್ರದರ್ಶನ ಮಾಡಿದರು. ವಿಷಯ, ನೆಲ ಯಾರದು ಎಂಬುದು. ಚನ್ನಗಿರಿಯ ಗೆಳೆಯನೊಬ್ಬ ಊರೂರಿನ ಗಡಿಯ ಬಾಂದುಕಲ್ಲುಗಳನ್ನು ಬರೆದು ತಂದ. ನ್ಯಾಮತಿಯ ಗೆಳತಿ ಅಣ್ಣತಮ್ಮಂದಿರ ನಡುವೆ ವರ್ಷವರ್ಷ ಸಣ್ಣಗಾಗುವ ಬದುವನ್ನು ಬರೆದಳು. ಸಮುದಾಯ ಭವನದಲ್ಲಿ ಟೀಚರ್ ಒಂದೊಂದು ಚಿತ್ರವನ್ನೂ ತೂಗುಹಾಕಿ, ತೆಗೆದು, ಮತ್ತೆ ತೂಗುಹಾಕಿ ನಮ್ಮ ಪ್ರಾಣ ತಿಂದರು. ಅವರ ಕೃತಿ ಮಾತ್ರ ಚಿತ್ರವಾಗಿರಲಿಲ್ಲ. ಬೇಲಿ ನುಸುಳುವಾಗ ಉಡುತ್ತಿದ್ದ ಹಳೇ ಸೀರೆಯನ್ನು ಅಗಲಕ್ಕೆ ಹರಡಿ ನೇತುಹಾಕಿದ್ದರು. ತಂತಿಗೆ ಸಿಕ್ಕಿ ಹರಿದ ಕಡೆಯಲ್ಲೆಲ್ಲ ಕೆಂಪು ದಾರದ ಹೊಲಿಗೆ.

"ಸೀರೆ ಬಣ್ಣದ ದಾರ ಸಿಗ್ಲಿಲ್ವಾ ಟೀಚರ್?" ಎಂದೆ.

"ಹರಿದಿದ್ದು ಕಾಣ್ಬೇಕು ಹುಡುಗಿ" ಎಂದರು. ಎರಡು ಮಕ್ಕಳ ತಾಯಿಯಾದ ನಾನು ಅವರಿಗೆ ಇನ್ನೂ ಹುಡುಗಿಯೇ.

ಸುದ್ದಿ ತಿಳಿದು ಹೊಲ ಕೊಂಡವರೇ ಬಂದುಬಿಟ್ಟರು. ಜಗಳಕ್ಕೇ ಬಂದರು ಎಂದುಕೊಂಡೆ. ಆದರೆ ಅವರು ಸೀರೆಯ ಮುಂದೆ ಬಹಳ ಹೊತ್ತು ನಿಂತು, ಜೇಬಿನಿಂದ ಕೀಲಿ ತೆಗೆದರು.

"ನೀವು ಬೇಲಿ ನುಸುಳಿ ಬರ್ತೀರಂತ ನಂಗೆ ಗೊತ್ತಿರ್ಲಿಲ್ಲ ಟೀಚರ್ರೇ. ಗೇಟಿನ ಕೀಲಿ ತಗಳ್ರಿ. ಒಂದು ಮಾತು ಹೇಳಿ, ಯಾವಾಗ ಬೇಕಾದ್ರೂ ಬರ್ರಿ."

"ಹೇಳಿ ಬರ್ಬೇಕಾ?"

"ಹಂಗಲ್ಲ, ಹಾವು ಗೀವು ಇರ್ತಾವೆ..."

"ನಮ್ಮವ್ವನ್ನ ನೋಡಾಕೆ ನಿಮ್ಮನ್ನ್ಯಾಕೆ ಕೇಳ್ಲಿ ರೀ?"

ಕೀಲಿ ಹೊಲದವರ ಕೈಯಲ್ಲೇ ಉಳಿಯಿತು. ಪಾಪ, ಕೆಟ್ಟ ಮನುಷ್ಯರಲ್ಲ. ಅವರು ಹೋದ ಮೇಲೆ ನಾನು ಟೀಚರ್ ಮೇಲೆ ರೇಗಾಡಿದೆ. ಮಂಡಿ ನೋವಿನ ಮುದುಕಿಗೆ ಇಷ್ಟು ಹಟ ಯಾಕೆಂದು ಕೇಳಿದೆ.

"ಕೀಲಿ ಇಸ್ಕಂಡ್ರೆ ನಾನು ಅವ್ರ ಹೊಲಕ್ಕೆ ಬಂದೋಳು ಆಗ್ತೀನಿ. ಸಹಿ ಹಾಕಿ ಒಂದ್ಸಲ ಬಿಟ್ಕೊಟ್ಟೀನಿ. ಇನ್ನೊಂದ್ಸಲ ಬ್ಯಾಡ" ಎಂದರು.

ಆ ವರ್ಷದ ಹಬ್ಬಕ್ಕೆ ನಾನೂ ಜೊತೆಗೆ ಹೋದೆ. ಕೆಳಗಿನ ತಂತಿ ತುಳಿದು, ಮೇಲಿನದನ್ನು ಎತ್ತಿ ಹಿಡಿದೆ. ಟೀಚರ್ ಅರ್ಧಕ್ಕೆ ಸಿಕ್ಕಿಕೊಂಡು ನನಗೂ ತಂತಿಗೂ ಒಟ್ಟಿಗೇ ಬೈದರು. ಸಮಾಧಿಯ ಮುಂದೆ ಎಡೆ ಇಟ್ಟು ಮಣ್ಣಿನ ಮೇಲೆ ಕಾಲು ಮಡಿಸಿ ಕೂತರು. ಅಲ್ಲಿಂದ ಏಳಿಸುವುದೇ ಕಷ್ಟವಾಯಿತು.

ಮರುವರ್ಷ ಟೀಚರ್ ತೀರಿಕೊಂಡರು. ತಾಯಿಯ ಪಕ್ಕ ಮಲಗಬೇಕೆಂಬ ಆಸೆ ಅವರಿಗಿತ್ತು. "ಇನ್ನೊಬ್ರ ಹೊಲದಾಗೆ ಹೆಂಗೆ ಹೂಳಾಕಾಗುತ್ತೆ?" ಎಂದರು ಅವರ ಅಣ್ಣ. ಹೊನ್ನಾಳಿಯ ಹೊಳೆ ದಂಡೆಯಲ್ಲಿ ಮಣ್ಣು ಮಾಡಿದೆವು. ಹೊಲದವರನ್ನು ಕೇಳೋಣವೆಂದು ನಾನು ಜೋರು ಮಾಡಬೇಕಿತ್ತೇನೋ.

ಈ ಸಲದ ಹಬ್ಬಕ್ಕೆ ಒಬ್ಬಳೇ ಸೊಕ್ಕೆಗೆ ಹೋದೆ. ಗೇಟಿಗೆ ಬೀಗವಿರಲಿಲ್ಲ, ಹಾರು ಹೊಡೆದಿತ್ತು. ಆದರೂ ತಂತಿ ಎತ್ತಿಕೊಂಡೇ ಒಳಗೆ ನುಗ್ಗಿದೆ. ತಾಯಿಗೊಂದು, ಮಗಳಿಗೊಂದು ಎಡೆ ಇಡುತ್ತಿದ್ದಾಗ ಗಿಡಗಳ ಆಚೆಯಿಂದ ಕಾವಲಿನವನು ಕೂಗಿದ:

"ಯಾರ್ರೀ ಅದು? ಯಾರನ್ನ ಕೇಳಿ ಒಳಗೆ ಬಂದ್ರಿ?"

"ಯಾರನ್ನೂ ಕೇಳಿಲ್ಲ" ಎಂದೆ.