ಶ್ರುತಿ ಇಳಿಸಿದ ಭಾನುವಾರ

ನಾವು ವರ್ಷಕ್ಕೊಮ್ಮೆ ಸೇರುವುದು ಹಲಸೂರಿನ ಒಂದು ಸಮುದಾಯ ಭವನದಲ್ಲಿ, ಶನಿವಾರ ಮತ್ತು ಭಾನುವಾರ. ಹಿಂದಿನ ದಿನ ಅಲ್ಲಿ ನಾಮಕರಣ ನಡೆದಿದ್ದರೆ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಹಾಗೇ ಇರುತ್ತದೆ. ಅದರ ಕೆಳಗೆ ಕಪ್ಪು ಟೀ ಶರ್ಟು ಹಾಕಿಕೊಂಡ, ಹೊಟ್ಟೆ ಬಂದ ಗಂಡಸರು, ಅವರನ್ನು ಸಹಿಸಿಕೊಂಡ ಹೆಂಗಸರು, ನನ್ನಂಥ ಕೆಲವು ಹುಚ್ಚಿಯರು ಒಳಗೆ ಹೋಗುತ್ತೇವೆ. ಎಲ್ಲರೂ ಒಂದೇ ರಾಕ್ ಬ್ಯಾಂಡಿನ ಅಭಿಮಾನಿಗಳು. ಆ ಬ್ಯಾಂಡು ಒಡೆದು ಎಷ್ಟೋ ಕಾಲವಾಯಿತು, ನಮ್ಮ ಊರಿಗೆ ಒಮ್ಮೆಯೂ ಬಂದದ್ದಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ ಅವರ ಮೊದಲ ಆಲ್ಬಮ್ ದೊಡ್ಡದೋ ಮೂರನೆಯದೋ ಎಂದು ಜಗಳಕ್ಕೆ ಬರುವವರಿದ್ದಾರೆ, ನನಗೀಗ ಜಗಳಕ್ಕೆ ಗಂಟಲಿಲ್ಲ.

ಶನಿವಾರ ಹಳೆಯ ರೆಕಾರ್ಡುಗಳ ವಿನಿಮಯ, ಕ್ವಿಜ್, ಬಿರಿಯಾನಿ, ವಾದ. ಭಾನುವಾರ ಮಧ್ಯಾಹ್ನ ನಮ್ಮಲ್ಲೇ ನುಡಿಸಬಲ್ಲವರು, ಹಾಡಬಲ್ಲವರು ವೇದಿಕೆ ಹತ್ತುತ್ತೇವೆ. ಅದಕ್ಕೊಂದು ಕಟ್ಟುಪಾಡಿದೆ. ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇರಬೇಕು, ಅದೇ ಶ್ರುತಿ, ಅದೇ ವೇಗ. ಜನ ನಿಂತು ಕೇಳುತ್ತಾರೆ. ಯಾರಾದರೂ ಸ್ವಂತ ಬುದ್ಧಿ ಓಡಿಸಿದರೆ ಕೂಗುವುದಿಲ್ಲ, ಶಿಳ್ಳೆ ಹಾಕುವುದಿಲ್ಲ, ಸುಮ್ಮನೆ ನೆಲದ ಮೇಲೆ ಕೂತುಬಿಡುತ್ತಾರೆ. ಒಂದು ವರ್ಷ ಇಂದಿರಾನಗರದ ಎಂಜಿನಿಯರ್ ಒಬ್ಬರು ಹಾಡಿನ ನಡುವೆ ಕೊಳಲು ಸೇರಿಸಿದರು. ಇಡೀ ಭವನ ಊಟದ ಪಂಕ್ತಿಗೆ ಕೂತ ಹಾಗೆ ಕೂತಿತು. ಆಮೇಲೆ ಅವರು ಈ ಕಡೆ ತಲೆ ಹಾಕಿಲ್ಲ.

ನಾನು ದಾವಣಗೆರೆಯವಳು, ಕೆಲಸಕ್ಕೆಂದು ಬಂದು ಜೀವನ್ ಬಿಮಾ ನಗರದಲ್ಲಿ ಮನೆ ಮಾಡಿದವಳು. ಆಫೀಸಿನಲ್ಲಿ ನನ್ನನ್ನು ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಈ ಬಳಗದಲ್ಲಿ ಮಾತ್ರ ನಾನು ‘ಆ ಸ್ವರದವಳು’. ಬ್ಯಾಂಡಿನ ಒಂದು ಹಾಡಿನ ಕೊನೆಯ ಸಾಲಿಗೆ ಮುಂಚೆ ಗಿಟಾರು, ಡ್ರಮ್ಮು ಎಲ್ಲ ನಿಂತುಹೋಗುತ್ತವೆ. ಹಾಡುವವರು ಒಬ್ಬರೇ ಒಂದು ಸ್ವರವನ್ನು ಮೇಲಕ್ಕೆತ್ತಿ ಉಸಿರು ಮುಗಿಯುವ ತನಕ ಹಿಡಿದಿರಬೇಕು. ನಮ್ಮ ಗಂಡಸರಿಗೆ ಅದು ಎಟುಕುವುದಿಲ್ಲ, ನನಗೆ ಎಟುಕುತ್ತಿತ್ತು. ಹಾಗಾಗಿ ಪ್ರತಿ ವರ್ಷ ಕೊನೆಯ ಹಾಡು ನನ್ನದು. ಅದೊಂದು ಸ್ವರದಿಂದಾಗಿ ನಾನು ಯಾರೋ ಒಬ್ಬಳಾಗಿದ್ದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಕಳೆದ ಬೇಸಿಗೆಯಲ್ಲಿ ನನ್ನ ಥೈರಾಯ್ಡಿನಲ್ಲಿ ಗಂಟು ಕಾಣಿಸಿತು, ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ಗೊತ್ತಾದಾಗ ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನಾನು ಬಿಡಲಿಲ್ಲ. ಆ ಗ್ರಂಥಿಯ ಪಕ್ಕದಲ್ಲೇ ದನಿಯ ನರ ಹಾದುಹೋಗುತ್ತದಂತೆ.

“ಮಾತಿಗೇನೂ ತೊಂದ್ರೆ ಇಲ್ಲಮ್ಮ,” ಎಂದರು ಡಾಕ್ಟರು. “ಮೇಲಿನ ಸ್ವರ ಬರಬಹುದು, ಬರದೇನೂ ಇರಬಹುದು. ಗಾಯ ಪೂರ್ತಿ ಮಾಗೋವರ್ಗೂ ಅದರ ತಂಟೆಗೆ ಹೋಗ್ಬೇಡಿ.”

ಗಾಯ ಮಾಗಿತು. ಡಾಕ್ಟರು ಇನ್ನು ಹಾಡಿ ಎಂದರು. ನಾನು ಹಾಡಲಿಲ್ಲ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿ ನಿಲ್ಲುತ್ತಿದ್ದೆ, ಕೆಳಗಿನ ಸ್ವರಗಳಲ್ಲೇ ಸುತ್ತಾಡಿ ಹೊರಗೆ ಬರುತ್ತಿದ್ದೆ. ಮೇಲಕ್ಕೆ ಹೋಗಿ ನೋಡಿದರೆ ಗೊತ್ತಾಗಿಬಿಡುತ್ತದಲ್ಲ. ನೋಡದೇ ಇರುವ ತನಕ ಅದು ಇದೆ ಎಂದೇ ಅಂದುಕೊಳ್ಳಬಹುದು. ಇಷ್ಟು ಹೆದರಿಕೆ ನನಗೆ ಆಪರೇಷನ್ ಟೇಬಲ್ಲಿನ ಮೇಲೂ ಆಗಿರಲಿಲ್ಲ.

ನಮ್ಮ ಅಭ್ಯಾಸ ನಡೆಯುವುದು ಕಗ್ಗದಾಸಪುರದಲ್ಲಿ, ಗಿಟಾರಿನವನ ಮನೆಯಲ್ಲಿ. ಅವನದು ಅಲ್ಲಿನ ಹಳೆಯ ಮನೆತನ. ರಾಗಿ ಹೊಲವೆಲ್ಲ ಈಗ ಬಾಡಿಗೆ ಮನೆಗಳಾಗಿವೆ, ದನದ ಕೊಟ್ಟಿಗೆಯೊಂದು ಉಳಿದು ನಮ್ಮ ಪಾಲಿಗೆ ಬಂದಿದೆ. ಗಂಡು ಹೆಣ್ಣು ನೋಡದೆ ಎಲ್ಲರನ್ನೂ ಅವನು ಗುರು ಎನ್ನುತ್ತಾನೆ, ಅವನ ಅಜ್ಜಿಯನ್ನೂ ಬಿಟ್ಟಿಲ್ಲ. ಅಭ್ಯಾಸದಲ್ಲಿ ಆ ಜಾಗ ಬಂದಾಗಲೆಲ್ಲ ನಾನು ಕೈ ಎತ್ತಿ ನಿಲ್ಲಿಸುತ್ತಿದ್ದೆ.

“ಅದನ್ನ ಅವತ್ತೇ ಹಾಡ್ತೀನಿ. ಈಗ ಗಂಟಲು ಸುಸ್ತು ಮಾಡ್ಕೊಳಲ್ಲ.”

“ಸರಿ ಗುರು,” ಎನ್ನುತ್ತಿದ್ದ ಅವನು. ನನ್ನ ಮುಖ ನೋಡುತ್ತಿರಲಿಲ್ಲ.

ಶನಿವಾರ ಭವನಕ್ಕೆ ಹೋದಾಗ ಗಾಯದ ಗುರುತು ಕಾಣದಿರಲೆಂದು ಕತ್ತಿಗೆ ದುಪಟ್ಟಾ ಸುತ್ತಿಕೊಂಡಿದ್ದೆ. ಅದೇ ತಪ್ಪಾಯಿತು, ಎಲ್ಲರ ಕಣ್ಣೂ ಅಲ್ಲಿಗೇ ಬಂತು. ಬಳಗದವರೆಲ್ಲ ಒಂದೇ ದಿನದಲ್ಲಿ ವೈದ್ಯರಾದರು. ಒಬ್ಬರು ಜ್ಯೇಷ್ಠಮಧು ಕೊಟ್ಟರು, ಇನ್ನೊಬ್ಬರು ಲವಂಗ ಕೊಟ್ಟರು, ಶಿವಾಜಿನಗರದಲ್ಲಿ ಮಟನ್ ಅಂಗಡಿ ಇರುವ ನಮ್ಮ ಡ್ರಮ್ಮಿನವರು ಫ್ಲಾಸ್ಕಿನಲ್ಲಿ ಕಾಲು ಸೂಪು ತಂದಿದ್ದರು. ಕ್ವಿಜ್ಜಿನಲ್ಲಿ ನನಗೆ ಉತ್ತರ ಗೊತ್ತಿದ್ದರೂ ಬಾಯಿ ಬಿಡಲಿಲ್ಲ.

ಭಾನುವಾರ ವೇದಿಕೆಯ ಪಕ್ಕ ನಮ್ಮ ಸರದಿಗೆ ಕಾಯುತ್ತ ನಿಂತಿದ್ದೆ. ನನ್ನ ಗಂಡನಿಗೆ ಈ ಸಂಗೀತ ಗದ್ದಲವೆಂದೇ ಲೆಕ್ಕ, ಆದರೂ ಪ್ರತಿ ವರ್ಷ ಬಂದು ಕಿವಿಗೆ ಹತ್ತಿ ಇಟ್ಟುಕೊಂಡು ನಿಲ್ಲುತ್ತಾರೆ. ಅವರು ಹತ್ತಿ ತೆಗೆದು, “ಬ್ಯಾಡ ಅನ್ಸಿದ್ರೆ ಬಿಟ್ಬಿಡು, ಮನೆಗೆ ಹೋಗಣ,” ಎಂದರು. ಹೋಗೋಣ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ನಮ್ಮನ್ನು ಕರೆದರು.

ಗಿಟಾರು ಶುರುವಾಯಿತು. ಕತ್ತಲೆಯಲ್ಲಿ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಂತಾಯಿತು. ಮೊದಲ ಸಾಲು ಹಾಡಿದೆ, ತೀರ ಸಲೀಸಾಗಿ ಬಂತು. ಎರಡನೆಯ ಸಾಲಿಗೆ ಗೊತ್ತಾಯಿತು. ಶ್ರುತಿ ಇಳಿಸಿದ್ದಾನೆ. ನನಗೊಂದು ಮಾತೂ ಹೇಳದೆ, ಗಿಟಾರಿನ ಎಲ್ಲ ತಂತಿಯನ್ನೂ ಸಡಿಲಿಸಿ ತಂದಿದ್ದಾನೆ. ಅವನ ಕಡೆ ನೋಡಿದೆ. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

ನಮ್ಮ ಜನಕ್ಕೆ ಇದು ತಿಳಿಯದೇ ಇರುತ್ತದೆಯೇ? ಮೊದಲ ಏಟಿಗೇ ತಿಳಿದಿರುತ್ತದೆ. ಈಗ ಕೂರುತ್ತಾರೆ, ಈಗ ಕೂರುತ್ತಾರೆ ಎಂದು ಎದುರಿಗೆ ನಿಂತವರನ್ನೇ ನೋಡುತ್ತ ಹಾಡಿದೆ. ಯಾರೂ ಕೂರಲಿಲ್ಲ. ಕೊಳಲಿನವರನ್ನು ಓಡಿಸಿದ ಅದೇ ಹಿರಿಯರು ಕೈಕಟ್ಟಿ ನಿಂತೇ ಇದ್ದರು. ಅವರಲ್ಲೊಬ್ಬರು ನನ್ನ ಕಣ್ಣಿಗೆ ಸಿಕ್ಕಿ, ಆಸ್ಪತ್ರೆಗೆ ಹಣ್ಣು ತಂದವರು ನಗುವಂತೆ ನಕ್ಕರು.

ಆ ನಗು ನೋಡಿ ನನಗೆ ನಿಜವಾಗಿ ಭಯವಾಯಿತು. ಇವರೆಲ್ಲ ಮಾತಾಡಿಕೊಂಡಿದ್ದಾರೆ. ಆ ಸ್ವರ ಹೋಗಿದೆ ಎಂದು ನನಗಿಂತ ಮೊದಲೇ ತೀರ್ಮಾನಿಸಿ, ನನಗೋಸ್ಕರ ತಮ್ಮ ಕಟ್ಟುಪಾಡು ಮುರಿದು ನಿಂತಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಕೈ ಎತ್ತಿ ಹಾಡು ನಿಲ್ಲಿಸಿದೆ. ಮೈಕಿನಿಂದ ದೂರ ಸರಿದು ಅವನ ಹತ್ತಿರ ಹೋದೆ.

“ಯಾಕೆ ಇಳಿಸ್ದೆ?”

“ನಿಂಗೆ ಕಷ್ಟ ಆಗ್ಬಾರ್ದು ಅಂತ ಗುರು.”

“ನನ್ನ ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಿದ್ದೆ.”

“ಹಾಗಾದ್ರೆ ಬೇಡ. ಏರ್ಸು.”

ಅವನು ಒಂದೊಂದೇ ತಂತಿ ಬಿಗಿಯತೊಡಗಿದ. ಸಿಟ್ಟು ಅಷ್ಟೊತ್ತಿಗೆ ಇಳಿದುಹೋಗಿ, ಅದರ ಜಾಗದಲ್ಲಿ ಹೆದರಿಕೆ ಮತ್ತೆ ಬಂದು ಕೂತಿತ್ತು. ಎಂಥ ಕೆಲಸ ಮಾಡಿಕೊಂಡೆ ಎನ್ನಿಸಿತು. ಇಳಿಸಿದ ಶ್ರುತಿಯಲ್ಲಿ ಅದು ಬಹುಶಃ ಸಿಕ್ಕಿಬಿಡುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಸ್ವರ ಉಳಿದಿದೆ ಎಂದು ನಾನು ನಂಬಿಕೊಂಡು ಮನೆಗೆ ಹೋಗುತ್ತಿದ್ದೆ, ಇನ್ನೊಂದು ವರ್ಷ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲಬಹುದಿತ್ತು. ಕೊನೆಯ ತಂತಿ ಹದಕ್ಕೆ ಬಾರದೇ ಇರಲಿ ಎಂದು ದೇವರಲ್ಲಿ ಕೇಳಿಕೊಂಡೆ. ಅದೂ ಬಂತು.

ಮೊದಲಿನಿಂದ ಹಾಡಿದೆವು. ದನಿ ಒರಟಾಗಿತ್ತು, ಆದರೆ ತಪ್ಪಲಿಲ್ಲ. ಆ ಜಾಗ ಹತ್ತಿರ ಬರುತ್ತಿದ್ದಂತೆ ಮೈಕಿನ ಕಂಬ ಹಿಡಿದುಕೊಂಡೆ. ಗಿಟಾರು ನಿಂತಿತು. ಡ್ರಮ್ಮು ನಿಂತಿತು. ಕಣ್ಣು ಮುಚ್ಚಿ ಮೇಲಕ್ಕೆ ಹೋದೆ.

ಅದು ಅಲ್ಲಿರಲಿಲ್ಲ. ಸ್ವರದ ಬುಡ ಸಿಕ್ಕಿತು, ಮರುಕ್ಷಣ ಹಾಲು ಒಡೆದಂತೆ ಒಡೆಯಿತು, ಆಮೇಲೆ ಬರೀ ಗಾಳಿ. ಗಾಳಿಯನ್ನೇ ದೂಡಿದೆ. ಬಾಯಿ ಮುಚ್ಚಿದರೆ ಅಲ್ಲಿಗೆ ಮುಗಿಯುತ್ತದೆಂದು ಬಾಯಿ ಮುಚ್ಚಲಿಲ್ಲ, ಉಸಿರು ತೀರುವ ತನಕ ಹಾಗೇ ನಿಂತಿದ್ದೆ. ಯಾರು ನಿಂತರು, ಯಾರು ಕೂತರು ನಾನು ನೋಡಲಿಲ್ಲ. ಉಸಿರು ಎಳೆದುಕೊಂಡು ಉಳಿದಿದ್ದ ಒಂದು ಸಾಲು ಹಾಡಿ ಇಳಿದು ಬಂದೆ.

ಭವನದ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ ಗಿಟಾರಿನವನು ವೈರು ಸುತ್ತುತ್ತ ಅಳುತ್ತಿದ್ದ. ನಾನು ಬಂದದ್ದು ನೋಡಿ ತೋಳಿನಿಂದ ಮುಖ ಒರೆಸಿಕೊಂಡ.

“ಸಾರಿ ಗುರು,” ಎಂದ. “ಮುಂದಿನ್ ಸಲ ನಾನು ಶ್ರುತಿ ಮುಟ್ಟಲ್ಲ.”

“ಇಳಿಸು,” ಎಂದೆ. “ಎಷ್ಟು ಬೇಕೋ ಅಷ್ಟು ಇಳಿಸು. ಆದ್ರೆ ನಂಗೆ ಹೇಳಿ ಇಳಿಸು.”

ಅವನು ತಲೆಯಾಡಿಸಿದ. ಆ ಸ್ವರ ಹೋಯಿತು ಎಂದು ನಾನೇ ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು. ಹೇಳಿ ಮುಗಿದ ಮೇಲೆ ವೈರಿನ ಇನ್ನೊಂದು ತುದಿ ಹಿಡಿದು ಅವನ ಜೊತೆ ಸುತ್ತತೊಡಗಿದೆ.