ಒಂಬತ್ತು ವಾಟ್

ಅವರ ಬಲಗಿವಿಯ ಹಿಂದೆ, ಎಲುಬಿನ ಮೇಲೆ, ಕಡಲೆಕಾಳಿನಷ್ಟು ಜಡ್ಡು ಇತ್ತು. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಅಲ್ಲಿಗೆ ಒತ್ತಿ, ತುದಿಯನ್ನು ಸ್ವಿಚ್‌ಬೋರ್ಡಿನ ಮೇಲಿಟ್ಟು, ಕಣ್ಣು ಮುಚ್ಚಿ ನಿಲ್ಲುವುದು ಅವರ ಅಭ್ಯಾಸ. ವರ್ಷಗಟ್ಟಲೆ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿತ್ತು. ಗದಗದ ಕಡೆಯಿಂದ ಬಂದು ಪರ್ಕಳದಲ್ಲಿ ನೆಲೆ ನಿಂತ ವಯರ್‌ಮ್ಯಾನ್ ಅವರು. ನಾನು ಅಣ್ಣ ಎನ್ನುತ್ತಿದ್ದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಅವರು ನನ್ನನ್ನು ಅಕ್ಕಾರ ಎಂದೇ ಕರೆದರು.

ಆಗ ನಾನು ಮಣಿಪಾಲದ ಒಂದು ಸಣ್ಣ ಕಂಪೆನಿಯಲ್ಲಿದ್ದೆ. ಮನೆಯಲ್ಲಿ ಯಾವುದು ಎಷ್ಟು ಕರೆಂಟ್ ತಿನ್ನುತ್ತದೆಂದು ತೋರಿಸುವ ಪೆಟ್ಟಿಗೆಯೊಂದನ್ನು ಕಾಪು, ಹಿರಿಯಡ್ಕದ ಕೆಲವು ಮನೆಗಳಲ್ಲಿ ಪರೀಕ್ಷೆಗೆ ಹಾಕುತ್ತಿದ್ದೆವು. ಕೂರಿಸುವ, ರಿಪೇರಿಯ ಕೆಲಸ ಅಣ್ಣನದು. ಫ್ರಿಜ್ಜು, ಫ್ಯಾನುಗಳ ಪ್ಲಗ್ಗಿಗೆ ಒಂದೊಂದು ಬಿಳಿ ಬಿಲ್ಲೆ ಸಿಕ್ಕಿಸಬೇಕು. ಅದು ಎಷ್ಟು ವಾಟ್ ಎಂಬ ಸುದ್ದಿಯನ್ನು ಗೋಡೆಯೊಳಗಿನ ವಯರಿನಲ್ಲೇ ಅಡುಗೆಮನೆಯ ಪೆಟ್ಟಿಗೆಗೆ ಕಳಿಸುತ್ತದೆ, ಪೆಟ್ಟಿಗೆ ಹೊರಗಿನ ಸ್ಮಾರ್ಟ್ ಮೀಟರಿಗೆ ದಾಟಿಸುತ್ತದೆ. ಬೇರೆ ತಂತಿ ಬೇಡ. ತೊಂದರೆ ಏನೆಂದರೆ ಮಿಕ್ಸಿ ತಿರುಗಿದರೆ ವಯರಿನಲ್ಲಿ ಗದ್ದಲವೆದ್ದು ಸುದ್ದಿ ಮುಳುಗುತ್ತದೆ, ಪೆಟ್ಟಿಗೆಯ ಪರದೆ ಖಾಲಿಯಾಗುತ್ತದೆ. ಚಟ್ನಿ ಅರೆಯುವ ಹೊತ್ತಿಗೆ ಸರಿಯಾಗಿ ನನ್ನ ಫೋನ್ ಬಡಿದುಕೊಳ್ಳುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಸುದ್ದಿ ಬಾರದಿದ್ದರೆ ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಿರು ಎಂದು ಪ್ರೋಗ್ರಾಮಿನಲ್ಲಿ ಬರೆದೆ. ಫೋನ್ ನಿಂತಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಅಣ್ಣನಿಗೆ ಅದು ಸರಿಬರಲಿಲ್ಲ. "ಸುದ್ದಿ ಬಂದಿಲ್ಲಂದ್ರ ಬಂದಿಲ್ಲ ಅಂತ ತೋರ್ಸಬೇಕ್ರಿ ಅಕ್ಕಾರ. ಇಲ್ದದ್ದನ್ನ ಐತಿ ಅನ್ನಬಾರದು."

ಮೊದಲು ಕೇಳುವುದು, ಆಮೇಲೆ ಬಿಚ್ಚುವುದು, ಇದು ಅವರ ಕ್ರಮ. ನಮ್ಮ ಬಿಲ್ಲೆಗಳ ಸದ್ದು ಮನುಷ್ಯರ ಕಿವಿಗೆ ಕೇಳುವಂಥದ್ದಲ್ಲ ಎಂದು ನಾನು ಎಷ್ಟು ಪಾಠ ಹೇಳಿದರೂ "ಹೌದ್ರಿ" ಎಂದು ತಲೆಯಾಡಿಸಿ ಮತ್ತೆ ಸ್ಕ್ರೂಡ್ರೈವರ್ ಒತ್ತಿ ನಿಲ್ಲುತ್ತಿದ್ದರು. "ಈ ರೂಮು ಮಾತಾಡವಲ್ದು" ಎಂದರೆ ಆ ಕೋಣೆಯ ಬಿಲ್ಲೆ ಕೆಟ್ಟಿರುತ್ತಿತ್ತು. ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಮೊದಲು ನಗು ಬರುತ್ತಿತ್ತು, ಆಮೇಲಾಮೇಲೆ ಸ್ವಲ್ಪ ಹೆದರಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಕಾಪುವಿನ ಮನೆಯೊಂದರಿಂದ ಕರೆ ಬಂತು. ಹೋಗಿ ನೋಡಿದರೆ ಆ ಮನೆಯ ಸೊಸೆ ಪೆಟ್ಟಿಗೆಯ ಮೇಲೆ ಮೈ ಒರೆಸುವ ಬೈರಾಸು ಮುಚ್ಚಿ, ಅಡುಗೆಮನೆ ಬಿಟ್ಟು ಜಗಲಿಯಲ್ಲಿ ಕೂತಿದ್ದರು. "ಇದನ್ನು ತೆಗೆದುಕೊಂಡು ಹೋಗಿ ಮಾರಾಯ್ರೆ. ಅತ್ತೆಯ ಫ್ಯಾನ್ ಇನ್ನೂ ತಿರುಗ್ತಾ ಉಂಟು." ಅತ್ತೆ ತೀರಿಕೊಂಡಿದ್ದರು. ಅವರ ಟೇಬಲ್ ಫ್ಯಾನನ್ನು ಬಿಲ್ಲೆ ಸಮೇತ ಯಾರಿಗೋ ಕೊಟ್ಟು ಹದಿನೈದು ದಿನವಾಗಿತ್ತು. ಬೈರಾಸು ಸರಿಸಿದೆ. ಅತ್ತೆಯ ಕೋಣೆ, ನಲವತ್ತೈದು ವಾಟ್. ಕಾರಣ ನನಗೆ ಆ ಕ್ಷಣವೇ ಹೊಳೆಯಿತು, ಬಿಲ್ಲೆ ಹೋದರೂ ಕೊನೆಗೆ ಬಂದ ಅಂಕಿ ಹಾಗೇ ನಿಂತಿತ್ತು. ಆದರೂ ಆ ಖಾಲಿ ಕೋಣೆಯೊಳಗೆ ಕಾಲಿಡಲು ಮನಸ್ಸು ಬರಲಿಲ್ಲ. ಅಣ್ಣ ಒಳಗೆ ಹೋಗಿ, ಗೋಡೆಯನ್ನು ಬಹಳ ಹೊತ್ತು ಕೇಳಿ ಹೊರಬಂದರು. "ಏನೂ ಇಲ್ರಿ ತಾಯಿ. ನಮ್ಮ ಪೆಟಗಿ ಸುಳ್ಳ ಹೇಳೈತ್ರಿ" ಎಂದು ಆಕೆಗೆ ಕೈಮುಗಿದರು.

ಮರುದಿನ ಆಫೀಸಿನಲ್ಲಿ ವಿಷಯ ತೆಗೆದೆ. ಪರದೆ ಖಾಲಿಯಾದರೆ ಜನ ಪೆಟ್ಟಿಗೆಯನ್ನೇ ವಾಪಸು ಕೊಡುತ್ತಾರೆ ಎಂದರು ಮೇಲಿನವರು. ನಾನೂ ಹೌದೆಂದೆ. ಪ್ರೋಗ್ರಾಮ್ ತಿದ್ದುವುದು ಅರ್ಧ ಗಂಟೆಯ ಕೆಲಸ, ಮಾಡಲಿಲ್ಲ.

ಪರ್ಕಳದಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿಂಬದಿಯ ಕೋಣೆಯಲ್ಲೇ ಅಣ್ಣ ಒಬ್ಬರೇ ಇದ್ದರು. ಕಿಟಕಿಯಿಲ್ಲದ ಕೋಣೆ. ಅವರು ಒಳಗಿದ್ದರೆ ಹಗಲಲ್ಲೂ ಟೇಬಲ್ ಲ್ಯಾಂಪ್ ಉರಿಯಬೇಕು. ಸುದ್ದಿ ಎಷ್ಟು ದೂರ ತಲಪುತ್ತದೆಂದು ನೋಡಲು ಆ ಲ್ಯಾಂಪಿಗೊಂದು ಬಿಲ್ಲೆ ಹಾಕಿ, ಮಹಡಿಯ ಮೇಲಿನ ನನ್ನ ಪೆಟ್ಟಿಗೆಗೆ ಸೇರಿಸಿದ್ದೆವು. ಹೆಸರಿನ ಜಾಗದಲ್ಲಿ "ಅಣ್ಣ" ಎಂದು ಬರೆದಿದ್ದೆ. ಕಾಫಿ ಸೋಸುತ್ತಾ ಅತ್ತ ಕಣ್ಣು ಹಾಯಿಸುವುದು ರೂಢಿಯಾಯಿತು. ಒಂಬತ್ತು ಎಂದರೆ ಅಣ್ಣ ಒಳಗಿದ್ದಾರೆ, ಸೊನ್ನೆ ಎಂದರೆ ಕೆಲಸಕ್ಕೆ ಹೋದರು. ನೀವು ಪೊಲೀಸರ ಹಾಗೆ ಕಾವಲು ಕೂತಿದ್ದೀರಿ ಎಂದು ಅವರು ತಮಾಷೆ ಮಾಡುತ್ತಿದ್ದರು.

ಒಂದು ಶುಕ್ರವಾರ ಅಣ್ಣ ಎದೆಯಲ್ಲಿ ಗ್ಯಾಸ್ ಹಿಡಿದಿದೆ ಎಂದು ಕೆಲಸ ಬಿಟ್ಟು ಬೇಗ ಕೋಣೆಗೆ ಹೊರಟುಹೋದರು. ಶನಿವಾರ ಬೆಳಿಗ್ಗೆ ಗಂಜಿ ಮಾಡಿ, ಕೊಟ್ಟುಬರಲು ತಾಟು ಕೈಗೆತ್ತಿಕೊಂಡೆ. ಪೆಟ್ಟಿಗೆ ನೋಡಿದೆ. ಅಣ್ಣ, ಒಂಬತ್ತು. ಲೈಟ್ ಹಾಕಿಕೊಂಡು ಕೂತಿದ್ದಾರೆ, ಹುಷಾರಾಗಿದ್ದಾರೆ ಎಂದುಕೊಂಡು ತಾಟು ಕೆಳಗಿಟ್ಟೆ. ಭಾನುವಾರವೂ ಒಂಬತ್ತು. ಪರ್ಕಳದ ಕರೆಂಟಿನಲ್ಲಿ ಯಾವ ಬಲ್ಬೂ ಎರಡು ದಿನ ಒಂದೇ ಅಂಕಿಯ ಮೇಲೆ ನಿಲ್ಲುವುದಿಲ್ಲ. ಎಂಟು, ಒಂಬತ್ತು, ಮತ್ತೆ ಎಂಟು ಎಂದು ಆಡುತ್ತಲೇ ಇರುತ್ತದೆ. ಇದು ನನಗೆ ಗೊತ್ತಿರಬೇಕಿತ್ತು, ಆ ಪೆಟ್ಟಿಗೆ ಮಾಡಿದವಳೇ ನಾನು.

ಸೋಮವಾರ ಬೆಳಿಗ್ಗೆ ಮನೆಯ ಯಜಮಾನಿ ಮೇಲೆ ಬಂದರು. ಅಣ್ಣ ಎರಡು ದಿನದಿಂದ ಹೊರಗೆ ಬಂದದ್ದನ್ನು ನೋಡಿಲ್ಲ, ಬಾಗಿಲು ಬಡಿದರೆ ಮಾತಿಲ್ಲ ಎಂದರು. ನಾನು ಧೈರ್ಯವಾಗಿ ಪೆಟ್ಟಿಗೆ ತೋರಿಸಿದೆ. "ಒಳಗೇ ಇದ್ದಾರೆ ಅಕ್ಕ. ಲೈಟ್ ಉರೀತಾ ಉಂಟು, ನೋಡಿ."

ಅವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ಎಂತ ಲೈಟ್? ಬಾಗಿಲಿನ ಅಡಿಯಲ್ಲಿ ಕತ್ತಲೆ ಉಂಟು."

ಯಜಮಾನರು ಚಿಲಕ ಮುರಿದರು. ಅಣ್ಣ ಗೋಡೆಗೊರಗಿ ನೆಲದಲ್ಲಿ ಕೂತಿದ್ದರು, ಜೀವ ಹೋಗಿತ್ತು. ಆ ಕೋಣೆಗೆ ಇದ್ದದ್ದು ಒಂದೇ ಪ್ಲಗ್. ಲ್ಯಾಂಪನ್ನು ಬಿಲ್ಲೆ ಸಮೇತ ಕಿತ್ತು, ಆ ಜಾಗದಲ್ಲಿ ಫೋನಿನ ಚಾರ್ಜರ್ ಸಿಕ್ಕಿಸಿದ್ದರು. ಚಾರ್ಜು ಮುಗಿದ ಫೋನಿಗೆ ಜೀವ ಬರಲೆಂದು ಕತ್ತಲಲ್ಲಿ ಕಾಯುತ್ತಾ ಕೂತಿದ್ದಿರಬೇಕು. ಫೋನ್ ಈಗ ಪೂರ್ತಿ ತುಂಬಿತ್ತು. ಶುಕ್ರವಾರವೇ ಆದದ್ದೋ, ಶನಿವಾರವೋ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ನಾನು ಗಂಜಿಯ ತಾಟು ಹಿಡಿದು ನಿಂತಾಗ ಉಸಿರಿತ್ತೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ.

ಅವರನ್ನು ಸಾಗಿಸಿದ ನಂತರ ಮಹಡಿಗೆ ಬಂದೆ. ಪೆಟ್ಟಿಗೆಯಲ್ಲಿ ಅಣ್ಣ, ಒಂಬತ್ತು.

ಅಲ್ಲೇ ನಿಂತು, ಯಾರನ್ನೂ ಕೇಳದೆ ಪ್ರೋಗ್ರಾಮ್ ತಿದ್ದಿದೆ. ಈಗ ಸುದ್ದಿ ಬಾರದಿದ್ದರೆ ಎರಡು ಗೆರೆ ಬರುತ್ತದೆ. ಚಟ್ನಿಯ ಹೊತ್ತಿಗೆ ಮತ್ತೆ ಫೋನ್ ಬಡಿದುಕೊಳ್ಳುತ್ತದೆ, ಎತ್ತುತ್ತೇನೆ. ಊರಿನಿಂದ ಬಂದ ಅವರ ತಮ್ಮ ಆ ಸ್ಕ್ರೂಡ್ರೈವರನ್ನು ನನಗೇ ಕೊಟ್ಟು ಹೋದ. ಕೆಲವೊಮ್ಮೆ ಅದನ್ನು ಕಿವಿಯ ಹಿಂದೆ ಒತ್ತಿ ಗೋಡೆಯನ್ನು ಕೇಳುತ್ತೇನೆ. ನನಗೇನೂ ಕೇಳುವುದಿಲ್ಲ. ಪೆಟ್ಟಿಗೆಯಿಂದ ಆ ಹೆಸರನ್ನು ಅಳಿಸಿಲ್ಲ. ಅಣ್ಣ, ಅದರ ಮುಂದೆ ಎರಡು ಗೆರೆ. ಸುದ್ದಿ ಬಂದಿಲ್ಲ.