ಶುದ್ಧ ನೀರಿನ ಬಾವಿ ನಿಲ್ಲಿಸಿದ ಪಾತಾಳ ಮೇಡಂ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶಾಲಾ ಮೈದಾನದ ಮೂಲೆಯಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕೆ ಎದ್ದಿರುವ ಕಬ್ಬಿಣದ ಕೊಳವೆಯ ಬೀಗ ತೆಗೆದು ಆಕೆ ಮಂಡಿಯೂರಿದ್ದಾರೆ. ತೆಳ್ಳನೆಯ ಪೈಪು ಇಳಿಸಿ, ಮೇಲೆ ಬರುವ ನೀರನ್ನು ಪುಟ್ಟ ಗಾಜಿನ ಶೀಶೆಗೆ ತುಂಬುತ್ತಾರೆ. ಮುಚ್ಚಳ ಬಿಗಿದು ತಲೆಕೆಳಗು ಮಾಡಿ ನೋಡುತ್ತಾರೆ. ಸಾಸಿವೆ ಕಾಳಿನಷ್ಟು ಗುಳ್ಳೆ ಕಂಡರೂ ಚೆಲ್ಲಿ ಮತ್ತೆ ತುಂಬಬೇಕು.

"ನಾವು ಹುಡುಕ್ತಿರೋ ವಿಷಕ್ಕೆ ಒಂಚೂರು ಗಾಳಿ ಸಿಕ್ಕಿದ್ರೂ ಸಾಕು, ನೀರು ಬಿಟ್ಟು ಹಾರಿಹೋಗತ್ತೆ. ಆಮೇಲೆ ಪರೀಕ್ಷೆ ಮಾಡಿದ್ರೆ ನೀರು ಚೊಕ್ಕ ಅಂತಲೇ ಬರತ್ತೆ" ಎನ್ನುತ್ತಾರೆ. ಮಾತು ನನ್ನ ಜೊತೆ, ಕಣ್ಣು ಶೀಶೆಯ ಮೇಲೆ.

ಗೇಟಿನಾಚೆ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟುತ್ತಿದ್ದಾತ ಕೂಗುತ್ತಾನೆ: "ಏನ್ ಮೇಡಂ, ಕೆಳಗಡೆ ಎಲ್ಲಾ ಸೌಖ್ಯಾನಾ?" ಆಕೆ ತಲೆಯೆತ್ತದೆ ಕೈ ಬೀಸುತ್ತಾರೆ.

ಈ ಬಡಾವಣೆಗೆ ಆಕೆ 'ಪಾತಾಳ ಮೇಡಂ'. ಅಂತರ್ಜಲ ವಿಜ್ಞಾನಿ. ಅಪ್ಪ ಬೋರ್‌ವೆಲ್ ಲಾರಿ ಓಡಿಸುತ್ತಿದ್ದವರು. ಮನೆಗೆ ಬರುವಾಗ ಅಂಗಿಯ ಮೇಲೆ ಒಂದೊಂದು ದಿನ ಒಂದೊಂದು ಬಣ್ಣದ ಕೆಸರು. ಅದೆಲ್ಲ ಎಲ್ಲಿಂದ ಬರುತ್ತದೆ ಎಂದು ಪೀಡಿಸುತ್ತಿದ್ದ ಮಗಳು ಭೂವಿಜ್ಞಾನ ಓದಿದಳು, ಪುರಸಭೆಯ ನೀರಿನ ವಿಭಾಗ ಸೇರಿದಳು. ನೆಲದಡಿಯ ನೀರನ್ನು ಪರೀಕ್ಷಿಸಲೆಂದೇ ಊರಲ್ಲಿ ಹೂತಿರುವ ಹನ್ನೊಂದು ವೀಕ್ಷಣಾ ಕೊಳವೆಗಳನ್ನು ಸುತ್ತಿ ಬರುವುದು ದಿನಚರಿ. ಸುಡುಬಿಸಿಲು, ನಾಯಿಗಳ ಕಾಟ, "ಇಲ್ಲೇನ್ರೀ ಕೆಲಸ?" ಎಂಬ ಗದರಿಕೆ, ಎಲ್ಲ ಅಭ್ಯಾಸವಾಗಿಹೋಗಿದೆ.

ಅಭ್ಯಾಸವಾಗದ್ದು ಕಳೆದ ಬೇಸಿಗೆ. ರೈಲು ಹಳಿಯಾಚೆ ಮುಚ್ಚಿಹೋಗಿದ್ದ ಯಂತ್ರಭಾಗಗಳ ಕಾರ್ಖಾನೆಯೊಂದರ ಹಿತ್ತಲಲ್ಲಿ ಪಾಯ ತೋಡುತ್ತಿದ್ದ ಇಬ್ಬರು ಕೂಲಿಗಳು ತಲೆ ಸುತ್ತಿ ಬಿದ್ದರು. ಮಣ್ಣು ಪರೀಕ್ಷಿಸಿದಾಗ ಗೊತ್ತಾಯಿತು: ಲೋಹದ ಜಿಡ್ಡು ತೊಳೆದ ದ್ರಾವಣವನ್ನು ಕಾರ್ಖಾನೆಯವರು ವರ್ಷಗಟ್ಟಲೆ ಅಲ್ಲಿನ ಗುಂಡಿಗೆ ಸುರಿದಿದ್ದರು. ಹಳಿಯ ಈಚೆ, ಇಡೀ ಬಡಾವಣೆಗೂ ಹೆರಿಗೆ ಆಸ್ಪತ್ರೆಗೂ ನೀರು ಕೊಡುವ ದೊಡ್ಡ ಬಾವಿ. ಅದರ ಪಂಪು ಹಗಲಿರುಳು ನೀರೆಳೆಯುತ್ತಿತ್ತು. ನೀರಿನ ಜೊತೆಗೆ ವಿಷವೂ ಇತ್ತ ತೆವಳುತ್ತಿದೆ ಎಂದಿತು ಆಕೆಯ ಲೆಕ್ಕಾಚಾರ. ಪಂಪು ಕೂಡಲೇ ನಿಲ್ಲಬೇಕು ಎಂದರು.

ತೊಡಕು ಒಂದೇ. ಬಾವಿಯ ನೀರು ಅಂದಿಗೆ ಪರಿಶುದ್ಧವಾಗಿತ್ತು.

ಬಡಾವಣೆಯ ಸಭೆಯಲ್ಲಿ ಜನ ಮುಗಿಬಿದ್ದರು. ಬೇಕರಿಯ ಯಜಮಾನರು ಲೋಟ ತುಂಬಾ ಅದೇ ನೀರು ತರಿಸಿ, ಆಕೆಯ ಮುಂದೆಯೇ ಗಟಗಟ ಕುಡಿದು ಲೋಟ ಕುಕ್ಕಿದರು. "ನೋಡಮ್ಮಾ, ನನಗೇನಾಯ್ತು? ಒಳ್ಳೇ ನೀರಿಗೆ ಕಲ್ಲು ಹಾಕೋಕೆ ನಿಂಗೆ ಸಂಬಳ ಬೇರೆ ಕೊಡ್ತಾರಾ?" ಆಕೆಯ ಅತ್ತೆಯ ಮನೆಯೂ ಅದೇ ಬಡಾವಣೆಯಲ್ಲಿ. ಅವರು ಆ ದಿನದಿಂದ ಸೊಸೆಯ ಹತ್ತಿರ ಮಾತು ಬಿಟ್ಟರು. "ನಲ್ಲಿ ಹತ್ರ ಹೋದ್ರೆ ಎಲ್ಲರೂ ನನ್ನ ಮುಖ ನೋಡ್ತಾರೆ ಕಣೋ" ಎಂದು ಮಗನ ಬಳಿ ಅತ್ತರಂತೆ.

ಆಕೆಯ ಮೇಲಧಿಕಾರಿ, ಮುಖ್ಯ ಎಂಜಿನಿಯರ್, ಪಂಪನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಟ್ಯಾಂಕರ್ ಬರತೊಡಗಿತು, ಜೊತೆಗೆ ಜಗಳವೂ. ಕಾರ್ಖಾನೆಗೂ ಬಾವಿಗೂ ನಡುವೆ, ಈ ಶಾಲಾ ಮೈದಾನದಲ್ಲಿ ಕೊಳವೆ ಕೊರೆದು ನೋಡುವುದೆಂದಾಯಿತು. ವಿಷ ಹೊರಟಿದ್ದರೆ ಇಲ್ಲಿ ಸಿಗಲೇಬೇಕು.

ಸಿಗಲಿಲ್ಲ. ಪ್ರಯೋಗಾಲಯದ ವರದಿ ನೀರು ಶುದ್ಧ ಎಂದಿತು. "ಇನ್ನೇನ್ ಹೇಳ್ತೀರಿ? ನಾಳೆ ಸಂಜೆ ಪಂಪ್ ಶುರು ಮಾಡಿಸ್ತೀನಿ" ಎಂದರು ಎಂಜಿನಿಯರ್.

ಆ ದಿನವನ್ನು ಆಕೆ ನೆನೆಯುತ್ತಾರೆ: "ಅಷ್ಟು ಜನರಿಗೆ ಸುಮ್ಸುಮ್ನೆ ತೊಂದರೆ ಕೊಟ್ನೇನೋ ಅಂತ ನನಗೇ ಅನುಮಾನ. ಆಮೇಲೆ ಕೊರೆದಾಗ ಸಿಕ್ಕ ಮಣ್ಣನ್ನೆಲ್ಲ ಸಾಲಾಗಿ ಹರಡಿಕೊಂಡು ಕೂತೆ. ಕೊನೇ ಮಣ್ಣು ಗಟ್ಟಿ ಜೇಡಿ. ಜೇಡಿ ಬಂತು, ಇದನ್ನ ದಾಟಿ ಏನೂ ಇಳಿಯಲ್ಲ ಅಂತ ಕೊರೆಯೋದು ನಿಲ್ಲಿಸಿದ್ವಿ. ಆದ್ರೆ ಈ ದ್ರಾವಣ ನೀರಿಗಿಂತ ಭಾರ. ಜೇಡಿಯಲ್ಲಿ ಎಲ್ಲೋ ಒಂದು ಬಿರುಕು ಸಿಕ್ಕಿದ್ರೂ ನುಸುಳಿ ಕೆಳಗಿನ ಮರಳಿಗೆ ಇಳಿಯತ್ತೆ. ದೊಡ್ಡ ಬಾವಿ ನೀರೆಳೆಯೋದೂ ಅದೇ ಮರಳಿಂದ. ನಾವು ಹುಡುಕಿದ್ದು ಮೇಲಿನ ಮಹಡಿಯಲ್ಲಿ, ಕಳ್ಳ ನೆಲಮಾಳಿಗೆಯಲ್ಲಿದ್ದ."

ಇನ್ನಷ್ಟು ಆಳಕ್ಕೆ ಹೋಗೋಣ ಎಂದು ಬೇಡಿಕೊಂಡರು. ಎಂಜಿನಿಯರ್ ಒಪ್ಪಿದರು, ಆದರೆ ಗಡುವು ಸಡಿಲಿಸಲಿಲ್ಲ. ಮರುದಿನ ಬೆಳಗಾಗುತ್ತಲೇ ಮೈದಾನದಲ್ಲಿ ಯಂತ್ರ ಗುಡುಗಿತು. ಮೇಲಿನ ನೀರು ಕೆಳಗಿಳಿಯದಂತೆ ಸುತ್ತಲೂ ಉಕ್ಕಿನ ಕವಚ ಕೂರಿಸಿ, ಜೇಡಿ ದಾಟಿ, ಒದ್ದೆ ಮರಳು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಆ ನೀರು ತುಂಬಿದ ಶೀಶೆಯನ್ನು ಎದೆಗವಚಿಕೊಂಡೇ ಆಕೆ ಪ್ರಯೋಗಾಲಯಕ್ಕೆ ಓಡಿದರು. ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಗಂಡನ ಫೋನು: "ಪಂಪ್‌ಹೌಸ್ ಮುಂದೆ ಜನ ಸೇರಿದಾರೆ. ಆಪರೇಟರ್ ಬೀಗ ತೆಗೀತಿದಾನೆ. ಏನಾಯ್ತೇ?" ಆಕೆ ಎದ್ದು ಬಾಗಿಲು ತಟ್ಟಿದರು.

ಬಾಗಿಲು ತೆರೆದ ಪ್ರಯೋಗಾಲಯದ ತಜ್ಞೆ ಹೊಸ್ತಿಲಲ್ಲಿ ನಿಂತೇ ಹೇಳಿದರು: "ಇದೆ. ತುಂಬಾ ಇದೆ. ಮೊದಲು ಪಂಪ್ ಶುರುವಾಗೋದನ್ನ ತಡೀರಿ."

ಆಪರೇಟರ್ ಸ್ವಿಚ್ಚಿಗೆ ಕೈ ಹಾಕುವ ಮೊದಲೇ, ಆಕೆಯಿಂದ ಸುದ್ದಿ ತಿಳಿದ ಎಂಜಿನಿಯರ್ ಫೋನು ಅವನನ್ನು ತಲುಪಿತು.

ಈಗ ಕಾರ್ಖಾನೆಯ ಜಾಗದಲ್ಲಿ ಬೇರೆ ಕೊಳವೆಗಳಿಂದ ಕೆಟ್ಟ ನೀರನ್ನು ಮೇಲೆತ್ತಿ ಶುದ್ಧೀಕರಿಸುತ್ತಿದ್ದಾರೆ. ವಿಷ ಹಿಂದೆ ಸರಿಯುತ್ತಿದೆಯೋ ಇಲ್ಲವೋ ಹೇಳಬೇಕಾದದ್ದು ಆಕೆಯ ಶೀಶೆ. ಹಾಗಾಗಿ ಪ್ರತಿ ವರದಿಯನ್ನೂ ಹಿಂದಿನದರ ಪಕ್ಕ ಇಟ್ಟು ಹೋಲಿಸುತ್ತಾರೆ. "ಒಂದು ಸಲ ಕಮ್ಮಿ ಬರತ್ತೆ, ಇನ್ನೊಂದು ಸಲ ಹೆಚ್ಚು. ನೆಲಕ್ಕೆ ನಮ್ಮ ಅವಸರ ಎಲ್ಲಿ ಗೊತ್ತಾಗತ್ತೆ?"

ದೊಡ್ಡ ಬಾವಿಗೆ ವಿಷ ಮುಟ್ಟಲೇ ಇಲ್ಲ. ಮುಟ್ಟದ ಕಾರಣ ಯಾರೂ ಹೆದರಲೂ ಇಲ್ಲ, ಯಾರೂ ಥ್ಯಾಂಕ್ಸ್ ಹೇಳಲೂ ಇಲ್ಲ. ಅದರ ಪಂಪು ನಿಂತೇ ಇರುವುದರಿಂದ ದೂರದ ಬೇರೊಂದು ಬಾವಿಯಿಂದ ದಿನ ಬಿಟ್ಟು ದಿನ ನೀರು ಬರುತ್ತದೆ, ಬಂದಾಗಲೆಲ್ಲ ಬೀದಿ ಗೊಣಗುತ್ತದೆ. ಅತ್ತೆ ಮಾತಾಡುತ್ತಾರೆ, ಆದರೆ ಈ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂಬ ತಕರಾರಿನಿಂದಲೇ ಮಾತು ಶುರು.

ನಾವು ಮೈದಾನದಿಂದ ಹೊರಬರುವಾಗ ನಲ್ಲಿಯ ಬಳಿ ಕೊಡ ಹಿಡಿದು ನಿಂತ ಹೆಂಗಸೊಬ್ಬರು ಆಕೆಗೆ ಕೇಳಿಸುವಂತೆಯೇ ಶಪಿಸುತ್ತಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಆಕೆ ಶೀಶೆಗಳ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

"ಬೈಯಲಿ ಬಿಡಿ. ಬೈಯೋಷ್ಟು ಗಟ್ಟಿಮುಟ್ಟಾಗಿದಾರಲ್ಲ, ಸಾಕು ನನಗೆ."